ಬಿದ್ದ ಗೋಡೆಗೆ ಪಂಚನಾಮೆ ಇದೆ, ಬೀಳಲಿರುವ ಗೋಡೆಗೆ ಏನಿದೆ?

ಶೇ 75ಕ್ಕಿಂತ ಹೆಚ್ಚು ಬಿದ್ದರೆ ಅದು ‘ಎ’ ವರ್ಗದ ಮನೆ. ಶೇ 25ರಿಂದ 75ರವರೆಗೆ ಬಿದ್ದರೆ ‘ಬಿ’. ಶೇ 15ರಿಂದ 25ರಷ್ಟಾದರೆ ‘ಸಿ’. 2019ರ ನೆರೆಯ ನಂತರ ರಾಜ್ಯ ಸರ್ಕಾರ ಮನೆಹಾನಿಯನ್ನು ಅಳೆದದ್ದು ಈ ಲೆಕ್ಕದಲ್ಲಿ. ‘ಎ’ ವರ್ಗಕ್ಕೆ 5 ಲಕ್ಷ ರೂಪಾಯಿ, ‘ಸಿ’ ವರ್ಗಕ್ಕೆ 50 ಸಾವಿರ. ಮರುವರ್ಷ, 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ನದಿತೀರದ ಊರುಗಳಿಗೆ ನುಗ್ಗಿದಾಗ ಈ ಅಕ್ಷರಗಳು ನಮ್ಮ ಜನರಿಗೆ ಬಾಯಿಪಾಠವಾದವು. 2025ರ ಸೆಪ್ಟೆಂಬರ್‌ನಲ್ಲಿ ನದಿ ಮತ್ತೆ ಉಕ್ಕಿತು. ಮಳೆ ನಿಂತ ಮೇಲೆ ತಲಾಠಿ ಬರುತ್ತಾರೆ (ಹುದ್ದೆಯ ಹೆಸರು ಗ್ರಾಮ ಆಡಳಿತಾಧಿಕಾರಿ ಎಂದು ಬದಲಾಗಿದ್ದರೂ ಊರಿನ ಬಾಯಲ್ಲಿ ಅವರು ಇನ್ನೂ ತಲಾಠಿಯೇ), ಎಂಜಿನಿಯರ್ ಬರುತ್ತಾರೆ, ಮೊಬೈಲ್‌ನಲ್ಲಿ ಫೋಟೊ ಹಿಡಿಯುತ್ತಾರೆ, ಪಂಚನಾಮೆ ಬರೆದು ಪಂಚರ ಸಹಿ ಪಡೆಯುತ್ತಾರೆ.

ಬಿದ್ದ ಗೋಡೆಯನ್ನು ಶೇಕಡಾವಾರು ಅಳೆಯಬಲ್ಲ ಈ ವ್ಯವಸ್ಥೆ, ಅದೇ ಗೋಡೆ ಹೊಟ್ಟೆ ಬಿಟ್ಟು ನಿಂತಿದ್ದಾಗ ಬಂದು ನೋಡಿರಲಿಲ್ಲ. ಆ ಮನೆಯಲ್ಲಿ ಮಲಗುವವರಿಗೆ ಗೋಡೆಯ ಸ್ಥಿತಿ ಗೊತ್ತಿತ್ತು. ಓಣಿಯವರಿಗೆ ಗೊತ್ತಿತ್ತು. ಆಸ್ತಿ ತೆರಿಗೆ ವಸೂಲಿಗೆ ಬಂದವರೂ ಅದನ್ನು ದಾಟಿಯೇ ಹೋಗಿದ್ದರು. ಮನೆ ವಾಸಕ್ಕೆ ಯೋಗ್ಯವೇ ಎಂದು ಪರಿಶೀಲಿಸುವ ಅಧಿಕಾರ ಸ್ಥಳೀಯ ಸಂಸ್ಥೆಗಳಿಗೆ ದಶಕಗಳಿಂದ ಇದೆ. ಆದರೂ ಆ ಅಧಿಕಾರ ಮನೆಯೊಳಗೆ ಇರುವವರ ನೆರವಿಗೆ ಬರುವುದಿಲ್ಲ. ಅದು ಏಕೆ ಹೀಗೆ ಎಂಬುದನ್ನು ಕಲಬುರಗಿ, ಬೀದರ್, ಯಾದಗಿರಿಗಳ ನೆಲದಲ್ಲೇ ನಿಂತು ನೋಡಬೇಕು. ಇಲ್ಲಿನ ಮನೆ ಬೀಳುವ ರೀತಿಯೇ ಬೇರೆ.

ಕಲಬುರಗಿ ಜಿಲ್ಲೆಯ ಹಳೆಯ ಮನೆ ಎಂದರೆ ಶಹಾಬಾದ್ ಸುತ್ತಲಿನ ಸುಣ್ಣಕಲ್ಲು, ಮಣ್ಣಿನ ಗಾರೆ, ಮರದ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಪರಸಿ ಕಲ್ಲು, ಎಲ್ಲದರ ಮೇಲೆ ಮಣ್ಣಿನ ಮಾಳಿಗೆ (ಛಾವಣಿ). ಗೋಡೆ ಒಂದೂವರೆ ಎರಡು ಅಡಿ ದಪ್ಪವಿರುತ್ತದೆ. ಹೊರಗಿನ ಮುಖಕ್ಕೊಂದು ಕಲ್ಲಿನ ಸಾಲು, ಒಳಮುಖಕ್ಕೊಂದು ಸಾಲು, ನಡುವೆ ಮಣ್ಣು ಮತ್ತು ಕಲ್ಲುಚೂರು. ಎರಡೂ ಮುಖಗಳನ್ನು ಹಿಡಿದಿಡುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಅಡ್ಡಲಾಗಿ ಇಟ್ಟಿದ್ದರೆ ಗೋಡೆ ಒಂದೇ ಮೈಯಾಗಿ ನಿಲ್ಲುತ್ತದೆ. ಅವು ಇಲ್ಲದಿದ್ದರೆ ನೋಡಲು ಒಂದು ಗೋಡೆ, ನಿಜದಲ್ಲಿ ಒಂದಕ್ಕೊಂದು ಒರಗಿದ ಎರಡು ತೆಳು ಗೋಡೆಗಳು. ಮಳೆನೀರು ಒಳಗಿಳಿದು ನಡುವಿನ ಮಣ್ಣು ಉಬ್ಬಿದರೆ ಹೊರಮುಖ ಬೇರೆಯಾಗಿ ಮುಂದಕ್ಕೆ ಬಾಗುತ್ತದೆ. ಗೋಡೆ ಹೊಟ್ಟೆ ಬಿಡುವುದು ಎಂದರೆ ಇದೇ.

ಮಾಳಿಗೆಯ ಕಥೆ ಇನ್ನೊಂದು. ಮಳೆಗಾಲಕ್ಕೆ ಮುನ್ನ ಮೇಲೆ ಹೊಸ ಮಣ್ಣು ಹಾಸಿ ಬಡಿಯುವುದು ನಮ್ಮ ಹಿರಿಯರ ವಾಡಿಕೆ. ಸೋರುವುದು ನಿಲ್ಲುತ್ತದೆ ನಿಜ, ಆದರೆ ಹಳೆಯ ಪದರವನ್ನು ತೆಗೆಯದೆ ಹೊಸದನ್ನು ಹಾಕುತ್ತ ಹೋದರೆ ತಲೆಯ ಮೇಲಿನ ಭಾರ ವರ್ಷದಿಂದ ವರ್ಷಕ್ಕೆ ಏರುತ್ತದೆ. ಕೆಳಗೆ ತೊಲೆಯ ತುದಿ ಗೋಡೆಯೊಳಗೆ ಕುಳಿತಿರುವ ಜಾಗದಲ್ಲಿ ಹಸಿ ಹತ್ತಿ ಗೆದ್ದಲು ಹಿಡಿಯುತ್ತದೆ. ಹೊರಗೆ ಕಾಣುವ ತೊಲೆ ಗಟ್ಟಿಯಾಗಿಯೇ ಇರುತ್ತದೆ, ಕೊಳೆಯುವುದು ಕಾಣದ ಆ ಗೇಣುದ್ದ. ಒಂದು ರಾತ್ರಿ ಸತತ ಮಳೆ ಸುರಿದಾಗ ಮಣ್ಣು ನೀರು ಕುಡಿದು ಇನ್ನಷ್ಟು ಭಾರವಾಗುತ್ತದೆ, ತೊಲೆಯ ತುದಿ ಕಳಚುತ್ತದೆ. ಪತ್ರಿಕೆಯಲ್ಲಿ ‘ಮಳೆಗೆ ಮನೆ ಕುಸಿತ’ ಎಂದು ಎರಡು ಸಾಲು ಬರುತ್ತದೆ. ಮಳೆಯದು ಅಲ್ಲಿ ಕೊನೆಯ ತಳ್ಳು ಮಾತ್ರ. ಮನೆ ಬೀಳುವ ಕೆಲಸ ಹತ್ತಾರು ವರ್ಷಗಳ ಹಿಂದೆಯೇ ಶುರುವಾಗಿರುತ್ತದೆ.

ಕೆಳಗೆ ನೆಲವೂ ಸುಮ್ಮನಿರುವುದಿಲ್ಲ. ಕಲಬುರಗಿಯ ಎರೆಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರಿಸುವಷ್ಟು ಬಾಯಿ ಬಿಡುತ್ತದೆ. ತೊಗರಿಗೆ ಒಳ್ಳೆಯದಾದ ಈ ಮಣ್ಣು ತಳಪಾಯಕ್ಕೆ ಶತ್ರು. ಎರೆಯನ್ನು ಸಾಕಷ್ಟು ಆಳಕ್ಕೆ ತೆಗೆದು ಗರಸು ತುಂಬಿ ಕಟ್ಟದಿದ್ದರೆ ಹೊಸ ಆರ್‌ಸಿಸಿ ಮನೆಯ ಗೋಡೆಯಲ್ಲೂ ಎರಡೇ ವರ್ಷಕ್ಕೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಓಡುತ್ತದೆ. ಬೀದರ್ ಪ್ರಸ್ಥಭೂಮಿಯ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಈ ಕಾಟ ಕಡಿಮೆ. ಅಲ್ಲಿನ ಹಳೆಯ ಊರಿನ ತೊಂದರೆ ಬೇರೆಯದು, ಅದಕ್ಕೆ ಮುಂದೆ ಬರುತ್ತೇನೆ.

ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾಗದು ಎಂಬುದಕ್ಕೆ ನಮ್ಮ ಗಡಿಯಾಚೆಯೇ ಸಾಕ್ಷಿಯಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸುಮಾರು 10 ಸಾವಿರ ಜನ ಸತ್ತರು. ಬಸವಕಲ್ಯಾಣ, ಆಳಂದ ಕಡೆಯವರಿಗೆ ಅದು ನೆರೆಯ ಸೀಮೆ. ಕಂಪನದ ತೀವ್ರತೆಗೆ ಹೋಲಿಸಿದರೆ ಸಾವಿನ ಸಂಖ್ಯೆ ವಿಪರೀತ ದೊಡ್ಡದಾಗಲು ಕಾರಣ, ಮಣ್ಣಿನ ಗಾರೆಯ ದಪ್ಪ ಕಲ್ಲಿನ ಗೋಡೆ ಮತ್ತು ಭಾರದ ಮಣ್ಣಿನ ಮಾಳಿಗೆ. ಅಂದರೆ ನಮ್ಮ ಮನೆಗಳಂಥ ಮನೆಗಳು. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಸುತ್ತ ದಿನಗಟ್ಟಲೆ ನೆಲ ಗುಡುಗಿತು. ಅದರಲ್ಲಿ ದೊಡ್ಡ ಕಂಪನ 4.1ರಷ್ಟು ಮಾತ್ರ. ಜನ ಮನೆಯೊಳಗೆ ಮಲಗಲು ಹೆದರಿ ಬಯಲಿನಲ್ಲಿ ರಾತ್ರಿ ಕಳೆದರು, ಎಷ್ಟೋ ಕುಟುಂಬಗಳು ಊರು ಬಿಟ್ಟು ನೆಂಟರ ಮನೆಗಳಿಗೆ ಹೋದವು. ಅವರು ಹೆದರಿದ್ದು ಭೂಮಿಗಿಂತ ಹೆಚ್ಚಾಗಿ ತಮ್ಮದೇ ಗೋಡೆಗಳಿಗೆ.

ಹಾಗಾದರೆ ಹಳೆಯ ಮನೆಗಳನ್ನೆಲ್ಲ ಕೆಡವಿಬಿಡಬೇಕೇ? ಇಲ್ಲಿ ದಯವಿಟ್ಟು ನಿಧಾನಿಸಬೇಕು. ಅದೇ ದಪ್ಪ ಗೋಡೆ, ಅದೇ ಮಣ್ಣಿನ ಮಾಳಿಗೆ ಮೇ ತಿಂಗಳಲ್ಲಿ ಮನುಷ್ಯರನ್ನು ಕಾಯುತ್ತವೆ. ಕಲಬುರಗಿಯಲ್ಲಿ ಬಿಸಿಲು 43, 44 ಡಿಗ್ರಿ ಮುಟ್ಟುವ ದಿನಗಳಲ್ಲಿ ಆ ಮನೆಗಳ ಪಡಸಾಲೆಯಲ್ಲಿ ಮಧ್ಯಾಹ್ನ ಮಲಗಬಹುದು. ಆ ಮನೆ ಬಿದ್ದ ಜಾಗದಲ್ಲಿ ಬಡವರು ಕಟ್ಟಿಕೊಳ್ಳುವುದು ಸಿಮೆಂಟ್ ಇಟ್ಟಿಗೆಯ ನಾಲ್ಕು ಗೋಡೆ, ಮೇಲೆ ತಗಡು. ತಗಡು ಹಗಲಿಡೀ ಕಾದು ಆ ಕಾವನ್ನು ನೇರವಾಗಿ ಕೆಳಗಿನವರ ಮೇಲೆ ಸುರಿಯುತ್ತದೆ. ಬಾಣಂತಿ, ಎಳೆಗೂಸು, ವಯಸ್ಸಾದವರು ಅಂಥ ಕೋಣೆಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ ಇರುವುದು ಆರೋಗ್ಯದ ಪ್ರಶ್ನೆಯೇ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯವನ್ನು ಬೆಳಗಿನ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಪದ್ಧತಿ ಇದೆ. ಬಿಸಿಲನ್ನು ಸರ್ಕಾರ ಅಪಾಯ ಎಂದು ಒಪ್ಪಿದೆ ಎಂದಾಯಿತು. ಆ ಒಪ್ಪಿಗೆ ಮನೆಗಳ ಲೆಕ್ಕಕ್ಕೂ ಬರಬೇಕು.

ಮೂರನೆಯ ಬಗೆಯ ಮನೆಯೂ ಇದೆ, ಅದರ ಬಗ್ಗೆ ಯಾರೂ ಮಾತನಾಡುವುದಿಲ್ಲ: ಕಿರಾಯಿಯ ಕೋಣೆ. ಕಲಬುರಗಿ ಈ ಸೀಮೆಯ ಓದಿನ ಊರು. ಪಿಯುಸಿಗೆ, ಡಿಗ್ರಿಗೆ, ಕೋಚಿಂಗ್‌ಗೆ ಎಂದು ಯಾದಗಿರಿ, ಸುರಪುರ, ಔರಾದ್ ಕಡೆಯ ಹಳ್ಳಿಗಳಿಂದ ಬರುವ ಹುಡುಗರು ಒಂದು ಕೋಣೆಗೆ ನಾಲ್ಕು ಜನ ಸೇರುತ್ತಾರೆ. ನಾನೂ ಹಾಗೆ ಇದ್ದವನು. ಮೂರನೆಯ ಮಹಡಿಯಲ್ಲಿ ತಗಡು ಹೊದಿಸಿದ ಕೋಣೆ, ಒಂದೇ ಬಾಗಿಲು, ಕಿಟಕಿ ಇರಬೇಕಾದ ಕಡೆ ಪಕ್ಕದ ಕಟ್ಟಡದ ಗೋಡೆ. ಗ್ಯಾಸ್ ಒಲೆ ಹಾಸಿಗೆಯ ಪಕ್ಕದಲ್ಲೇ ಇತ್ತು. ಗೋಡೆಗೆ ಹಸಿ ಹತ್ತಿ ಸ್ವಿಚ್ ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ಮಾಲೀಕರಿಗೆ ಹೇಳಿದಾಗ, “ಬೇರೆ ಹುಡುಗರು ಕೇಳುತ್ತಿದ್ದಾರೆ, ನಿಮಗೆ ಬೇಡವಾದರೆ ಖಾಲಿ ಮಾಡಿ” ಎಂದರು. ಪರೀಕ್ಷೆಗೆ ಇಪ್ಪತ್ತು ದಿನ ಉಳಿದಿತ್ತು. ನಾವು ಸ್ವಿಚ್ಚಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಸುಮ್ಮನಾದೆವು.

ಮನುಷ್ಯ ವಾಸಿಸುವ ಕೋಣೆ ಹೇಗಿರಬೇಕು ಎಂಬುದನ್ನು ನಮ್ಮ ದೇಶ ಬರೆದಿಟ್ಟಿದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಒಂದೇ ಕೋಣೆಯ ಮನೆಯಾದರೆ ಆ ಕೋಣೆ ಕನಿಷ್ಠ 9.5 ಚದರ ಮೀಟರ್ ಇರಬೇಕು, ಅಗಲ 2.4 ಮೀಟರ್‌ಗೆ ಕಡಿಮೆ ಇರಬಾರದು, ಒಣ ಬಿಸಿಲಿನ ಸೀಮೆಯಲ್ಲಿ ಕಿಟಕಿ ಮತ್ತು ಬೆಳಕಿಂಡಿಗಳ ತೆರಪು ನೆಲದ ಹತ್ತನೆಯ ಒಂದು ಭಾಗವಾದರೂ ಇರಬೇಕು. ನಮ್ಮ ಕೋಣೆಯಲ್ಲಿ ಆ ತೆರಪು ಸೊನ್ನೆ. ಸಂಹಿತೆ ತನ್ನಷ್ಟಕ್ಕೆ ಕಾನೂನಲ್ಲ, ಸ್ಥಳೀಯ ಕಟ್ಟಡ ನಿಯಮಗಳ ಮೂಲಕ ಜಾರಿಗೆ ಬರಬೇಕಾದ ಶಿಫಾರಸು. ಆ ನಿಯಮಗಳನ್ನಾದರೂ ನೋಡುವುದು ನಕ್ಷೆ ಮಂಜೂರಾತಿಯ ಹೊತ್ತಿನಲ್ಲಿ. ಮಂಜೂರಾದ ಮೇಲೆ ಮಾಲೀಕ ಮಾಳಿಗೆಯ ಮೇಲೆ ತಗಡು ಎಬ್ಬಿಸಿದರೆ, ಒಂದು ಕೋಣೆಯನ್ನು ಹಲಗೆಯಿಂದ ಎರಡು ಮಾಡಿದರೆ ಬಂದು ನೋಡುವ ವ್ಯವಸ್ಥೆ ಇಲ್ಲ.

ಕಾನೂನಿನ ಕಡೆಗೆ ಬರೋಣ. 1956ರ ಕೇಂದ್ರ ಕೊಳಗೇರಿ ಪ್ರದೇಶಗಳ ಕಾಯ್ದೆ ನೇರವಾಗಿ ಜಾರಿಯಲ್ಲಿರುವುದು ಕೇಂದ್ರಾಡಳಿತ ಪ್ರದೇಶಗಳಲ್ಲಾದರೂ, ಒಂದು ಕಟ್ಟಡ ವಾಸಯೋಗ್ಯವೇ ಎಂದು ತೀರ್ಮಾನಿಸಲು ಅದು ಕೊಟ್ಟಿರುವ ಅಳತೆಗೋಲು ಇಂದಿಗೂ ಓದಬೇಕಾದದ್ದು. ದುರಸ್ತಿ ಹೇಗಿದೆ, ಕಟ್ಟಡ ಭದ್ರವಾಗಿದೆಯೇ, ಗೋಡೆ ಹಸಿಯಿಂದ ಮುಕ್ತವಾಗಿದೆಯೇ, ಸಹಜ ಬೆಳಕು ಗಾಳಿ ಬರುತ್ತವೆಯೇ, ನೀರು ಇದೆಯೇ, ಚರಂಡಿ ಮತ್ತು ಶೌಚಾಲಯ ಇವೆಯೇ, ಅಡುಗೆ ಮಾಡಲು ಮತ್ತು ಬಳಸಿದ ನೀರು ಹೊರಹೋಗಲು ಅನುಕೂಲವಿದೆಯೇ. ಇಷ್ಟೇ ಏಳು ಪ್ರಶ್ನೆ. ಇವನ್ನು ಕೇಳಲು ಪ್ರಯೋಗಾಲಯ ಬೇಡ, ದುಬಾರಿ ಯಂತ್ರ ಬೇಡ. ಬಾಗಿಲು ದಾಟಿ ಒಳಗೆ ಬರುವ ಒಬ್ಬ ಮನುಷ್ಯ ಸಾಕು. ಹಸಿ ಗೋಡೆಯನ್ನು ಕುಸಿಯುವ ಗೋಡೆಯಷ್ಟೇ ಗಂಭೀರವಾಗಿ ಎಣಿಸಿರುವುದು ಈ ಪಟ್ಟಿಯ ವಿವೇಕ. ಹಸಿ ಗೋಡೆಯ, ಗಾಳಿಯಾಡದ ಕೋಣೆಯಲ್ಲಿ ಆರೇಳು ಜನ ಮಲಗಿದರೆ ಒಬ್ಬರ ಕ್ಷಯ ಇನ್ನೊಬ್ಬರಿಗೆ ದಾಟುವುದು ಸುಲಭ. ಕ್ಷಯದ ಮಾತ್ರೆ ಉಚಿತವಾಗಿ ಕೊಡುತ್ತೇವೆ, ರೋಗಿ ಮರಳಿ ಮಲಗುವುದು ಮಾತ್ರ ಅದೇ ಕೋಣೆಯಲ್ಲಿ.

ಕರ್ನಾಟಕಕ್ಕೆ ತನ್ನದೇ 1973ರ ಕೊಳಗೇರಿ ಕಾಯ್ದೆ ಇದೆ, ಅದನ್ನು ನಡೆಸಲು ಮಂಡಳಿ ಇದೆ. ಆದರೆ ಅದು ಕೆಲಸ ಮಾಡುವುದು ‘ಘೋಷಿತ’ ಕೊಳಗೇರಿಗಳಲ್ಲಿ. ಕಲಬುರಗಿಯ ಹಳೆಯ ಓಣಿಯೊಂದರ ಹೊಟ್ಟೆ ಬಿಟ್ಟ ಗೋಡೆಯ ಮನೆ ಕೊಳಗೇರಿಯಲ್ಲ. ಅದರ ಮಾಲೀಕರು ಕೊಳಗೇರಿ ಎಂಬ ಹೆಸರನ್ನು ಒಪ್ಪುವವರೂ ಅಲ್ಲ. ಅಂಥ ಮನೆ ಬರುವುದು ಪಾಲಿಕೆಯ ಕೈಕೆಳಗೆ. ಪಾಲಿಕೆಗಳಿಗೆ 1976ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ, ನಗರಸಭೆ ಮತ್ತು ಪುರಸಭೆಗಳಿಗೆ 1964ರ ಪೌರಸಭೆಗಳ ಕಾಯ್ದೆ. ಅಪಾಯದ ಕಟ್ಟಡಕ್ಕೆ ನೋಟಿಸ್ ಕೊಡುವ, ದುರಸ್ತಿ ಮಾಡಿಸುವ, ಕೆಡವುವ ಅಧಿಕಾರ ಎರಡರಲ್ಲೂ ಇದೆ.

ಇವುಗಳ ಜೊತೆಗೆ, ಹೆಚ್ಚಿನವರು ಮರೆತಿರುವ ಇನ್ನೊಂದು ದಾರಿ ಇದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ. ಬೀಳುವ ಸ್ಥಿತಿಯಲ್ಲಿರುವ ಕಟ್ಟಡವನ್ನು ತೆಗೆಯಲು, ದುರಸ್ತಿ ಮಾಡಲು ಅಥವಾ ಅದಕ್ಕೆ ಆಸರೆ ಕೊಡಲು ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಸರ್ಕಾರ ವಿಶೇಷವಾಗಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿ ಆದೇಶಿಸಬಹುದು. ಕಲಂನ ಮಾತುಗಳನ್ನು ಗಮನವಿಟ್ಟು ಓದಿದರೆ ಒಂದು ಸಂಗತಿ ಹೊಳೆಯುತ್ತದೆ. ಕಟ್ಟಡ ಬಿದ್ದು ಯಾರಿಗೆ ಗಾಯವಾಗಬಹುದು ಎಂದು ಅದು ಚಿಂತಿಸುತ್ತದೆ? ನೆರೆಹೊರೆಯಲ್ಲಿ ವಾಸಿಸುವವರಿಗೆ, ಅಲ್ಲಿ ವ್ಯಾಪಾರ ಮಾಡುವವರಿಗೆ, ದಾರಿಯಲ್ಲಿ ಹಾದುಹೋಗುವವರಿಗೆ. ಆ ಮಾಳಿಗೆಯ ಕೆಳಗೆ ಮಲಗುವವಳ ಹೆಸರು ಆ ಸಾಲಿನಲ್ಲಿಲ್ಲ. ನನ್ನ ಅಭಿಪ್ರಾಯದಲ್ಲಿ ಇಡೀ ಸಮಸ್ಯೆಯ ಬೇರು ಇಲ್ಲಿದೆ. ಮನೆಯನ್ನು ರಸ್ತೆಯ ಕಡೆಯಿಂದ ನೋಡುವ ಕಣ್ಣು ಇದು. ರಸ್ತೆಗೆ ಅಪಾಯವಾದರೆ ಕಟ್ಟಡ ಉಪದ್ರವ, ಒಳಗಿನವರಿಗೆ ಅಪಾಯವಾದರೆ ಅದು ಅವರ ಖಾಸಗಿ ಕಷ್ಟ.

ಸುಪ್ರೀಂ ಕೋರ್ಟ್ ಈ ಕಣ್ಣಿನಿಂದ ನೋಡಿಲ್ಲ ಎಂಬುದನ್ನೂ ಹೇಳಬೇಕು. 1995ರ ಚಮೇಲಿ ಸಿಂಗ್ ಪ್ರಕರಣದಲ್ಲಿ ಅದು ಸೂರಿನ ಹಕ್ಕನ್ನು ಬದುಕಿನ ಹಕ್ಕಿನೊಳಗೆ ಸೇರಿಸಿತು. ಸೂರು ಎಂದರೆ ತಲೆಯ ಮೇಲೊಂದು ಮುಚ್ಚಿಗೆ ಅಷ್ಟೇ ಅಲ್ಲವೆಂದು, ಸುರಕ್ಷಿತ ಕಟ್ಟಡ, ಸಾಕಷ್ಟು ಬೆಳಕು, ಶುದ್ಧ ಗಾಳಿ ಮತ್ತು ನೀರು, ವಿದ್ಯುತ್, ನೈರ್ಮಲ್ಯ ಎಲ್ಲ ಅದರಲ್ಲಿ ಬರುತ್ತವೆ ಎಂದು ಹೇಳಿತು. ಇದಕ್ಕೂ ಮೊದಲು, 1980ರಲ್ಲಿ ಮಧ್ಯಪ್ರದೇಶದ ರತ್ಲಾಮ್ ನಗರಸಭೆಯ ಪ್ರಕರಣದಲ್ಲಿ, ಚರಂಡಿ ಕಟ್ಟಿಸಲು ದುಡ್ಡಿಲ್ಲ ಎಂಬ ಸಬೂಬನ್ನು ಒಪ್ಪಲಿಲ್ಲ. ಅಲ್ಲಿ ಜನರ ಕೈಗೆ ಸಿಕ್ಕ ಆಯುಧ ಇದೇ 133ನೇ ಕಲಂ.

ಇಷ್ಟೆಲ್ಲ ಇದ್ದೂ ನೆಲದ ಮೇಲೆ ನಡೆಯುವುದೇನು? ನಮ್ಮ ಸೋದರತ್ತೆಯ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಊರಿನ ಹೆಸರು ಬೇಡ, ಈ ಸೀಮೆಯ ಯಾವ ಪಟ್ಟಣದಲ್ಲಾದರೂ ನಡೆಯಬಹುದಾದದ್ದು. ಅವರದು ಮೂರು ತಲೆಮಾರಿನ ಮನೆ, ಮುಂದಿನ ಎರಡು ಕೋಣೆಗಳಲ್ಲಿ ಬಾಡಿಗೆಯವರು. ಒಂದು ಮಳೆಗಾಲದಲ್ಲಿ ಪಕ್ಕದ ಓಣಿಯಲ್ಲಿ ಗೋಡೆ ಬಿತ್ತು. ಮರುವಾರ ಸುತ್ತಲಿನ ಹಳೆಯ ಮನೆಗಳಿಗೆಲ್ಲ ನೋಟಿಸ್ ಬಂತು. ಕಟ್ಟಡ ಅಪಾಯದ ಸ್ಥಿತಿಯಲ್ಲಿದೆ, ಏಳು ದಿನದೊಳಗೆ ತೆರವುಗೊಳಿಸಬೇಕು, ಅನಾಹುತವಾದರೆ ನೀವೇ ಹೊಣೆ. ಅತ್ತೆ ಕಚೇರಿಗೆ ಹೋದರು. “ಗೋಡೆ ಬೀಳುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ, ಸಾಹೇಬರೇ? ನಾನು ಎಲ್ಲಿಗೆ ಹೋಗಲಿ ಎಂಬುದನ್ನೂ ಆ ಚೀಟಿಯಲ್ಲಿ ಬರೆದಿದ್ದರೆ ಚೆನ್ನಾಗಿತ್ತು” ಎಂದರಂತೆ. ಅದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಉತ್ತರ ಬಂತು. ಯಾವ ತೊಲೆ ಕೊಳೆತಿದೆ, ಯಾವ ಗೋಡೆಗೆ ಆಸರೆ ಬೇಕು, ಎಷ್ಟು ಖರ್ಚಾಗಬಹುದು ಎಂದು ಒಬ್ಬರೂ ಒಳಗೆ ಬಂದು ನೋಡಲಿಲ್ಲ. ಏಳು ದಿನ ಕಳೆಯಿತು, ಮಳೆಯೂ ಮುಗಿಯಿತು, ಯಾರೂ ತಿರುಗಿ ಬರಲಿಲ್ಲ.

ಆ ನೋಟಿಸ್ ಯಾರನ್ನು ಕಾಪಾಡಿತು ಎಂದು ಬಹಳ ಸಲ ಯೋಚಿಸಿದ್ದೇನೆ. ಮನೆ ಬಿದ್ದಿದ್ದರೆ ‘ಮುನ್ನೆಚ್ಚರಿಕೆ ನೀಡಲಾಗಿತ್ತು’ ಎಂದು ಕಡತದಲ್ಲಿ ಇರುತ್ತಿತ್ತು. ಕಿರಿಯ ಎಂಜಿನಿಯರ್‌ಗಳನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಕುಡಿಯುವ ನೀರಿನ ಪೈಪು, ರಸ್ತೆ ಕಾಮಗಾರಿ, ನಕ್ಷೆ ಮಂಜೂರಾತಿ, ಚುನಾವಣೆ ಕೆಲಸ ಎಲ್ಲ ಅವರ ತಲೆಯ ಮೇಲೆಯೇ ಇರುತ್ತವೆ. ಆರೋಗ್ಯ ನಿರೀಕ್ಷಕರ ದಿನ ಕಸ ವಿಲೇವಾರಿಯಲ್ಲಿ ಮುಗಿಯುತ್ತದೆ. ಇದೇ ಕೆಲಸಕ್ಕೆಂದು ನೇಮಕವಾದ, ಮನೆಯೊಳಗೆ ಹೋಗಿ ಹಸಿ, ಬಿರುಕು, ವೈರಿಂಗ್, ಗಾಳಿ ನೋಡುವ ಒಬ್ಬ ಅಧಿಕಾರಿಯೂ ಇಲ್ಲ. ಇದ್ದರೂ ಅವರ ಕೈಯಲ್ಲಿರುವುದು ಖಾಲಿ ಮಾಡಿಸುವ ಅಥವಾ ಕೆಡವುವ ಅಸ್ತ್ರ. ಅಷ್ಟು ಕಠಿಣವಾದ ಅಸ್ತ್ರವನ್ನು ಮನುಷ್ಯತ್ವ ಇರುವ ಅಧಿಕಾರಿ ಬಳಸಲು ಹಿಂಜರಿಯುತ್ತಾರೆ. ಹೀಗೆ ಹಿಂಜರಿಕೆಯೇ ರೂಢಿಯಾಗುತ್ತದೆ.

ಬಾಡಿಗೆದಾರರ ಪಾಡು ಇನ್ನೂ ಇಕ್ಕಟ್ಟಿನದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಮನೆಯನ್ನು ವಾಸಕ್ಕೆ ಯೋಗ್ಯ ಸ್ಥಿತಿಯಲ್ಲಿ ಇಡುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸುತ್ತದೆ, ನೀರು ವಿದ್ಯುತ್ ಕಡಿತಗೊಳಿಸಿ ಓಡಿಸುವುದನ್ನು ತಡೆಯುತ್ತದೆ. ಆದರೆ ಅದೇ ಕಾಯ್ದೆಯಲ್ಲಿ, ಮನೆ ವಾಸಯೋಗ್ಯವಾಗಿಲ್ಲ, ದುರಸ್ತಿ ಮಾಡಬೇಕು ಎಂಬುದು ತೆರವಿಗೆ ಒಂದು ಕಾರಣವೂ ಹೌದು. ಗೋಡೆ ಬೀಳುವಂತಿದೆ ಎಂದು ಬಾಡಿಗೆದಾರ ದೂರು ಕೊಟ್ಟರೆ, ಆ ದೂರೇ ಅವನನ್ನು ಹೊರಹಾಕಲು ಮಾಲೀಕರಿಗೆ ಸಿಗುವ ಸಾಕ್ಷಿಯಾಗಬಹುದು. ನಮ್ಮಲ್ಲಿ ಬರವಣಿಗೆಯ ಕರಾರು ಮಾಡಿಕೊಳ್ಳುವವರೇ ಕಡಿಮೆ. ಬಾಯಿ ಮಾತು, ಡಿಪಾಜಿಟ್, ತಿಂಗಳ ಕಿರಾಯಿ, ಅಷ್ಟೇ. ಬಿದ್ದ ಮನೆಗೆ ಪರಿಹಾರ ಬಂದರೂ ಅದು ಹೋಗುವುದು ಉತಾರದಲ್ಲಿ ಹೆಸರಿರುವವರಿಗೆ. ಪಾತ್ರೆ ಪಗಡೆ, ಮಕ್ಕಳ ಪುಸ್ತಕ ಕಳೆದುಕೊಂಡ ಬಾಡಿಗೆಯವರು ಹಾಸಿಗೆ ಸುತ್ತಿಕೊಂಡು ಇನ್ನೊಂದು ಅಂಥದೇ ಕೋಣೆ ಹುಡುಕುತ್ತಾರೆ. ಗುಳೆ ಹೋದ ನಮ್ಮ ಜನ ಬೆಂಗಳೂರಿನಲ್ಲಿ ಕಟ್ಟಡಗಳ ಪಕ್ಕ ತಗಡಿನ ಶೆಡ್‌ಗಳಲ್ಲಿ ಇರುತ್ತಾರೆ. ಕಟ್ಟಡ ಕಾರ್ಮಿಕರಿಗೆ ಕೆಲಸದ ಜಾಗದಲ್ಲಿ ತಾತ್ಕಾಲಿಕ ವಸತಿಯನ್ನು ಕೆಲಸ ಕೊಟ್ಟವರೇ ಉಚಿತವಾಗಿ ಒದಗಿಸಬೇಕು ಎಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳಿತ್ತು. ಅದನ್ನು ಪರಿಶೀಲಿಸುವವರ ಕೊರತೆ ಅಲ್ಲಿಯೂ ಇದೆ.

ಬೀದರ್‌ನ ಹಳೆಯ ಊರಿನ ವಿಷಯ ಹೇಳುತ್ತೇನೆಂದಿದ್ದೆ. ಗವಾನ್ ಮದರಸಾದ ಸುತ್ತ, ಕೋಟೆಯ ಸುತ್ತ ಇರುವ ಮನೆಗಳಿಗೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಅನ್ವಯಿಸುತ್ತದೆ. 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ನಿಷೇಧಿತ ವಲಯದಲ್ಲಿ ಹೊಸದಾಗಿ ಕಟ್ಟುವಂತಿಲ್ಲ, ದುರಸ್ತಿ ಮಾಡಬಹುದು, ಆದರೆ ಅನುಮತಿ ಪಡೆದು. ಸ್ಮಾರಕಗಳನ್ನು ಉಳಿಸಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ದಿನಗೂಲಿಯ ಒಬ್ಬ ಮನುಷ್ಯ ಮಳೆಗಾಲಕ್ಕೆ ಮುನ್ನ ಜಂತಿ ಬದಲಿಸಲು ಅರ್ಜಿ, ನಕ್ಷೆ, ಫೋಟೊ ಎಂದು ಅಲೆಯಬೇಕಾದರೆ ಆ ಜಂತಿ ಬದಲಾಗುವುದಿಲ್ಲ. ಕದ್ದು ಮಾಡುವ ದುರಸ್ತಿ ರಾತ್ರೋರಾತ್ರಿ ನಡೆಯುತ್ತದೆ, ಕೆಟ್ಟದಾಗಿ ನಡೆಯುತ್ತದೆ. ಕಲಬುರಗಿ ಕೋಟೆಯೊಳಗೆ ವಾಸವಿರುವ ಕುಟುಂಬಗಳದಂತೂ ಪೂರ್ತಿ ಅತಂತ್ರ. ನಾಳೆ ಎಬ್ಬಿಸಬಹುದಾದ ಮನೆಗೆ ಇಂದು ಯಾರು ಸಿಮೆಂಟ್ ತರುತ್ತಾರೆ?

ಅಕ್ರಮ ಎಂಬ ಹಣೆಪಟ್ಟಿ ಸುರಕ್ಷತೆಗೆ ಹೇಗೆ ಅಡ್ಡ ಬರುತ್ತದೆ ಎಂಬುದಕ್ಕೆ ಬಿ-ಖಾತಾ ಒಳ್ಳೆಯ ಉದಾಹರಣೆ. 2025ರ ಆರಂಭದಲ್ಲಿ ರಾಜ್ಯ ಸರ್ಕಾರ ಪಟ್ಟಣಗಳ ಅನಧಿಕೃತ ಆಸ್ತಿಗಳಿಗೆ ಬಿ-ಖಾತಾ ಕೊಟ್ಟು ತೆರಿಗೆಯ ಜಾಲಕ್ಕೆ ತರಲು ಹೊರಟಿತು. ಲಕ್ಷಾಂತರ ಮನೆಗಳು ಸರ್ಕಾರದ ಕಣ್ಣಿಗೆ ಬಿದ್ದದ್ದು ಒಳ್ಳೆಯದೇ. ಆದರೆ ಆ ದಾಖಲೆಯಲ್ಲಿ ಅಳತೆ ಇದೆ, ಮಾಲೀಕರ ಹೆಸರಿದೆ, ಫೋಟೊ ಇದೆ, ತೆರಿಗೆ ಇದೆ. ತೊಲೆ ಇಲ್ಲ, ಬಿರುಕು ಇಲ್ಲ, ಕಿಟಕಿ ಇಲ್ಲ. ಇನ್ನೊಂದು ಕಡೆ, ಸ್ವಾಧೀನಾನುಭವ ಪತ್ರ (ಕಟ್ಟಡ ವಾಸಕ್ಕೆ ಸಿದ್ಧ ಎಂದು ಪರಿಶೀಲಿಸಿ ಕೊಡುವ ‘ಒಸಿ’) ಇಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿತು. ಸಾಮಾನ್ಯ ಜನರ ಮನೆಗಳು ಕತ್ತಲೆಯಲ್ಲಿ ಉಳಿಯುವಂತಾದಾಗ ರಾಜ್ಯ ಸರ್ಕಾರ ಸಣ್ಣ ನಿವೇಶನಗಳ ಮನೆಗಳಿಗೆ ವಿನಾಯಿತಿಯ ದಾರಿ ಹಿಡಿಯಿತು. ವಿನಾಯಿತಿ ನ್ಯಾಯವಾದದ್ದು, ನಾನು ಅದರ ಪರ. ಆದರೆ ಪತ್ರವನ್ನು ಬಿಟ್ಟುಕೊಟ್ಟಾಗ ಆ ಪತ್ರದ ಹಿಂದೆ ಇರಬೇಕಾಗಿದ್ದ ಪರಿಶೀಲನೆಯೂ ಜೊತೆಗೇ ಹೋಯಿತು. ಬಡವರಿಗೆ ಕಾಗದದಿಂದ ಬಿಡುಗಡೆ ಬೇಕು, ಭದ್ರತೆಯಿಂದ ಅಲ್ಲ. ಮೀಟರ್ ಕೂರಿಸಲು ಹೇಗೂ ಬರುವ ಜೆಸ್ಕಾಂ ಸಿಬ್ಬಂದಿ ಅರ್ಥಿಂಗ್ ಮತ್ತು ಒಳಗಿನ ವೈರಿಂಗ್ ನೋಡಿ ಒಂದು ಚೀಟಿ ಬರೆದುಕೊಟ್ಟರೆ ಎಷ್ಟೋ ಜೀವ ಉಳಿಯುತ್ತವೆ.

ದಾರಿ ಇಲ್ಲವೆಂದಲ್ಲ. ಮೊದಲನೆಯದು ಸಮಯ. ನಮ್ಮ ಸೀಮೆಯಲ್ಲಿ ಮಳೆ ಬರುವುದು ಜೂನ್‌ನಲ್ಲಿ, ಮನೆಗಳು ಹೆಚ್ಚು ಬೀಳುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಏಪ್ರಿಲ್, ಮೇನಲ್ಲಿ ವಾರ್ಡುವಾರು ಸಮೀಕ್ಷೆ ನಡೆದರೆ ಕೆಲಸಕ್ಕೆ ಎರಡು ಮೂರು ತಿಂಗಳು ಸಿಗುತ್ತದೆ. ಮಳೆಯ ನಡುವೆ ಕೊಡುವ ಏಳು ದಿನದ ನೋಟಿಸ್‌ನಿಂದ ಯಾವ ಗೋಡೆಯೂ ನೇರವಾಗುವುದಿಲ್ಲ. ಸಮೀಕ್ಷೆಗೆ ಜನ ಎಲ್ಲಿ ಎಂದು ಕೇಳುವವರಿಗೆ ಉತ್ತರ ಕಲಬುರಗಿಯಲ್ಲೇ ಇದೆ. ಎಂಜಿನಿಯರಿಂಗ್ ಕಾಲೇಜುಗಳ, ಪಾಲಿಟೆಕ್ನಿಕ್‌ಗಳ ಸಿವಿಲ್ ವಿದ್ಯಾರ್ಥಿಗಳು, ಅವರ ಜೊತೆಗೆ ಒಬ್ಬ ಹಳೆಯ ಗೌಂಡಿ. ಗೌಂಡಿಯನ್ನು ಸುಮ್ಮನೆ ಸೇರಿಸಿಲ್ಲ. ತೊಲೆಯ ತುದಿಗೆ ಸುತ್ತಿಗೆಯಿಂದ ತಟ್ಟಿ ಸದ್ದಿನಲ್ಲೇ ಒಳಗೆ ಟೊಳ್ಳಾಗಿದೆಯೇ ಎಂದು ಹೇಳಬಲ್ಲವರು ಅವರು. 2027ರ ಜನಗಣತಿಗಾಗಿ ಮನೆಪಟ್ಟಿ ಮಾಡುವವರು ಮನೆಯ ಸ್ಥಿತಿ ಚೆನ್ನಾಗಿದೆಯೇ, ವಾಸಯೋಗ್ಯವೇ, ಶಿಥಿಲವೇ ಎಂದು ಕೇಳುತ್ತಾರಾದರೂ ಜನಗಣತಿ ಕಾಯ್ದೆಯ ಪ್ರಕಾರ ಒಂದೊಂದು ಮನೆಯ ಮಾಹಿತಿ ಗೋಪ್ಯ. ಅದು ಹಾಗೇ ಇರಬೇಕು. ಪಾಲಿಕೆ ತನ್ನ ಪಟ್ಟಿಯನ್ನು ತಾನೇ ಮಾಡಿಕೊಳ್ಳಬೇಕು.

ಎರಡನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು, ದುರಸ್ತಿಗೆ ಹಣ. ನಮ್ಮ ವಸತಿ ಯೋಜನೆಗಳ ಗಮನವೆಲ್ಲ ಹೊಸ ಮನೆಯ ಮೇಲಿದೆ. ತಳಪಾಯ, ಲಿಂಟಲ್, ಛಾವಣಿ ಎಂದು ಹಂತ ಹಂತಕ್ಕೆ ಫೋಟೊ ತೆಗೆದು ಕಂತು ಬಿಡುಗಡೆಯಾಗುತ್ತದೆ. ಹಳೆಯ ಓಣಿಗಳ ಮನೆಗಳಿಗೆ ಇದು ದಕ್ಕುವುದು ಕಷ್ಟ. ಮನೆ ಇನ್ನೂ ಅಜ್ಜನ ಹೆಸರಿನಲ್ಲಿರುತ್ತದೆ, ಅಣ್ಣತಮ್ಮಂದಿರ ಪಾಲು ಆಗಿರುವುದಿಲ್ಲ, ಒಬ್ಬರು ಪುಣೆಯಲ್ಲಿ, ಒಬ್ಬರು ಹೈದರಾಬಾದಿನಲ್ಲಿ. ಎಲ್ಲರ ಸಹಿ ಬರುವ ಹೊತ್ತಿಗೆ ಗೋಡೆ ನಿಂತಿರುವುದಿಲ್ಲ. ದುರಸ್ತಿಗೆ ಒಡೆತನದ ಕಾಗದ ಕೇಳಬೇಕಾಗಿಲ್ಲ, ವಾಸದ ಪುರಾವೆ ಸಾಕು. ಕೆಲಸಗಳೂ ಗೊತ್ತಿರುವಂಥವು. ಮಾಳಿಗೆಯ ಹೆಚ್ಚುವರಿ ಮಣ್ಣು ಇಳಿಸುವುದು, ಗೋಡೆಯ ಎರಡು ಮುಖಗಳನ್ನು ಬೆಸೆಯುವ ಕಾಂಕ್ರೀಟ್ ಕೀಲುಗಳನ್ನು ಹಾಕುವುದು, ಗೋಡೆಯ ಮೇಲ್ಭಾಗಕ್ಕೆ ಸುತ್ತಲೂ ಪಟ್ಟಿ ಬಿಗಿಯುವುದು, ಕೊಳೆತ ತೊಲೆಯ ಪಕ್ಕ ಕಂಬ ನಿಲ್ಲಿಸುವುದು. ಇಂಥ ಕಲ್ಲುಮಣ್ಣಿನ ಮನೆಗಳನ್ನು ಭದ್ರಪಡಿಸುವ ಕ್ರಮವನ್ನು ಭಾರತೀಯ ಮಾನಕ ಸಂಸ್ಥೆ 1993ರಲ್ಲೇ ಪ್ರಕಟಿಸಿದೆ. ತಗಡಿನ ಮನೆಗಳಿಗೆ ಮೇಲೆ ಸುಣ್ಣ ಬಳಿಯುವುದು, ಒಳಗೊಂದು ಚಾವಣಿ ಪದರ ಕೊಡುವುದು, ಎದುರುಬದುರಾಗಿ ಎರಡು ಕಿಂಡಿ ತೆರೆಯುವುದು. ಇವು ಯಾವುವೂ ಹೊಸ ಮನೆಯಷ್ಟು ಖರ್ಚಿನವಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ಅದರಲ್ಲಿ ಒಂದು ಸಣ್ಣ ಪಾಲನ್ನು ದುರಸ್ತಿಗೆ ಎಂದೇ ಎತ್ತಿಟ್ಟರೆ ಮೂರೂ ಜಿಲ್ಲೆಗಳ ಹಳೆಯ ಓಣಿಗಳ ಸ್ಥಿತಿ ಕೆಲವೇ ವರ್ಷಗಳಲ್ಲಿ ಬದಲಾಗುತ್ತದೆ.

ಮೂರನೆಯದು, ದೂರು ಕೊಟ್ಟವರಿಗೆ ರಕ್ಷಣೆ. ದುರಸ್ತಿಗೆ ಆದೇಶವಾದ ಮನೆಯಿಂದ ಬಾಡಿಗೆದಾರರನ್ನು ಒಂದು ವರ್ಷವಾದರೂ ಕಳಿಸುವಂತಿಲ್ಲ ಎಂಬ ನಿಯಮ ಬೇಕು. ಕೆಲಸ ನಡೆಯುವಾಗ ಇರಲು ಒಂದು ಜಾಗ ಬೇಕು, ಖಾಲಿ ಬಿದ್ದಿರುವ ಸರ್ಕಾರಿ ವಸತಿಗೃಹಗಳು, ಬೇಸಿಗೆ ರಜೆಯ ವಿದ್ಯಾರ್ಥಿ ನಿಲಯಗಳು ಆದೀತು. ನೋಟಿಸ್‌ನಲ್ಲಿ ‘ಖಾಲಿ ಮಾಡಿ’ ಎಂಬ ಸಾಲಿನ ಕೆಳಗೆ ‘ಇಂಥ ವಿಳಾಸಕ್ಕೆ ಬನ್ನಿ’ ಎಂಬ ಸಾಲು ಇರಬೇಕು. ಅತ್ತೆ ಕೇಳಿದ್ದು ಇದನ್ನೇ.

ಇದೆಲ್ಲ ಆಗುವವರೆಗೆ ಕಾಯಲಾಗದವರು ಒಂದು ಕೆಲಸ ಮಾಡಬಹುದು. ಉಪವಿಭಾಗಾಧಿಕಾರಿ (ಅಸಿಸ್ಟೆಂಟ್ ಕಮಿಷನರ್) ಉಪವಿಭಾಗ ದಂಡಾಧಿಕಾರಿಯೂ ಹೌದು. ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, 152ನೇ ಕಲಂ ಹೆಸರಿಸಿ, ಕಟ್ಟಡವನ್ನು ಕೆಡವಲು ಕೇಳದೆ ‘ದುರಸ್ತಿ ಮತ್ತು ಆಸರೆ’ಗೆ ಆದೇಶ ಕೇಳಬೇಕು. ಗೋಡೆಯ ಫೋಟೊ ಇಡಬೇಕು, ಅದು ರಸ್ತೆಗೆ ಅಥವಾ ಪಕ್ಕದ ಮನೆಗೆ ಹೇಗೆ ಅಪಾಯ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಬೇಕು, ಏಕೆಂದರೆ ಕಲಂ ಕೇಳುವುದು ಅದನ್ನು. ನೆರೆಯವರ ಸಹಿ ಹಾಕಿಸಿದರೆ ದೂರು ಒಬ್ಬ ಬಾಡಿಗೆದಾರನದಾಗಿ ಉಳಿಯದೆ ಇಡೀ ಓಣಿಯದಾಗುತ್ತದೆ. ಪ್ರತಿಯನ್ನು ಪಾಲಿಕೆ ಆಯುಕ್ತರಿಗೆ ಅಥವಾ ಪೌರಾಯುಕ್ತರಿಗೆ ಕೊಟ್ಟು ಎರಡೂ ಕಡೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು.

ಅತ್ತೆಯ ಓಣಿಯವರು ಈ ಸಲ ಮಾರ್ಚ್‌ನಲ್ಲೇ ಅಂಥ ಅರ್ಜಿ ಬರೆದಿದ್ದಾರೆ. ಹನ್ನೊಂದು ಮನೆಗಳ ಸಹಿ ಇದೆ, ಮುಂದಿನ ಕೋಣೆಯ ಬಾಡಿಗೆಯವರದೂ ಸೇರಿ. ಅವರ ಪಡಸಾಲೆಯ ತೊಲೆಗೆ ಆಸರೆಯಾಗಿ ನಿಲ್ಲಿಸಿದ ಮರದ ಕಂಬ ಇನ್ನೂ ಅಲ್ಲೇ ಇದೆ.